ಮನೆಯ ವಿದ್ಯುತ್ ಓವನ್: ಸುಟ್ಟುಹೋದ ಕಾಯಿಸುವ ಸರಳನ್ನು ಬದಲಿಸುವ ಕ್ರಮ

ದೇಶದಲ್ಲಿ ರಾಗಿ ಬೆಳೆಯುವ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ. ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ರಾಗಿ, ನವಣೆ, ಸಾಮೆಗಳ ಹಿಟ್ಟಿನಿಂದ ಬಿಸ್ಕತ್ತು, ಕೇಕು, ರಸ್ಕುಗಳನ್ನು ಮಾಡಿ ಮಾರುವ ರೈತ ಮಹಿಳೆಯರು ಮತ್ತು ಸ್ವಸಹಾಯ ಸಂಘಗಳು ಇಂದು ಹಳ್ಳಿಗಳಲ್ಲಿಯೂ ಕಂಡುಬರುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಆವರಣದಲ್ಲಿ ಈ ಬಗ್ಗೆ ತರಬೇತಿಯನ್ನೂ ನೀಡಲಾಗುತ್ತದೆ. ಇಂತಹ ಸಣ್ಣ ಉದ್ಯಮಕ್ಕೆ ಮೊದಲು ಕೊಳ್ಳುವ ಉಪಕರಣವೆಂದರೆ ಮನೆಬಳಕೆಯ ವಿದ್ಯುತ್ ಓವನ್.

ಓವನ್‌ನಲ್ಲಿ ಹೆಚ್ಚಾಗಿ ಕೆಡುವ ಭಾಗಗಳಲ್ಲಿ ಅದರ ಕಾಯಿಸುವ ಸರಳು ಮುಖ್ಯವಾದುದು. ಅಂಗಡಿಯವರು ಇದನ್ನೇ ಎಲಿಮೆಂಟು ಎನ್ನುತ್ತಾರೆ. ಸರಳು ಸುಟ್ಟಾಗ ಕೆಲವರು ಓವನ್ನನ್ನೇ ಗುಜರಿಗೆ ಹಾಕುತ್ತಾರೆ. ಇದು ಹಣದ ನಷ್ಟ. ಇನ್ನು ಕೆಲವರು ಸಿಕ್ಕಿದ ತಂತಿಯನ್ನು ಸುತ್ತಿ, ಭೂಸಂಪರ್ಕವನ್ನು ನೋಡದೆ ಹೇಗೋ ನಡೆಯುವಂತೆ ಮಾಡಿಕೊಳ್ಳುತ್ತಾರೆ. ಇದು ಪ್ರಾಣಕ್ಕೇ ಅಪಾಯ. ಸರಿಯಾದ ಕ್ರಮ ತಿಳಿದರೆ ಸರಳನ್ನು ಬದಲಿಸುವುದು ಒಂದು ಗಂಟೆಯ ಕೆಲಸ. ಆದರೆ ಸರಳು ಏಕೆ ಕೆಟ್ಟಿತು ಎಂಬುದನ್ನೂ ಓವನ್‌ನ ಭೂಸಂಪರ್ಕ ಸರಿಯಿದೆಯೇ ಎಂಬುದನ್ನೂ ನೋಡದೆ ಹೊಸ ಸರಳನ್ನು ಹಾಕಬಾರದು.

ಈ ಲೇಖನ ಯಾವ ಓವನ್‌ಗೆ ಅನ್ವಯಿಸುತ್ತದೆ?

ಇಲ್ಲಿ ಹೇಳಿರುವುದು ಓ.ಟಿ.ಜಿ. ಎಂದು ಕರೆಯುವ, ಗುಂಡಿಗಳನ್ನು ತಿರುಗಿಸಿ ಬಳಸುವ ಸಾಮಾನ್ಯ ವಿದ್ಯುತ್ ಓವನ್‌ಗೆ ಮಾತ್ರ. ಇದರೊಳಗೆ ಮೇಲೆ ಮತ್ತು ಕೆಳಗೆ ಸರಳುಗಳಿರುವುದು ಗಾಜಿನ ಬಾಗಿಲಿನಿಂದಲೇ ಕಾಣುತ್ತದೆ.

ಮೈಕ್ರೋವೇವ್ ಓವನ್ನನ್ನು ಮಾತ್ರ ಮನೆಯಲ್ಲಿ ಎಂದೂ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರ್ ಎಂಬ ಭಾಗದಲ್ಲಿ, ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟಿನ ವಿದ್ಯುತ್ ಶೇಖರವಾಗಿ ಉಳಿದಿರಬಹುದು. ಅದರ ದುರಸ್ತಿ ತರಬೇತಿ ಪಡೆದ ತಂತ್ರಜ್ಞರ ಕೆಲಸ. ಖಾತರಿ ಅವಧಿ ಮುಗಿಯದ ಓವನ್ನನ್ನು ಸಹ ಕಂಪನಿಯ ಸೇವಾ ಕೇಂದ್ರಕ್ಕೇ ಒಯ್ಯುವುದು ಒಳ್ಳೆಯದು. ಮನೆಯಲ್ಲಿ ಬಿಚ್ಚಿದರೆ ಖಾತರಿ ರದ್ದಾಗುವ ಸಂಭವವುಂಟು.

ಕಾಯಿಸುವ ಸರಳಿನ ರಚನೆ

ಹೊರಗಿನಿಂದ ಬರಿಯ ಉಕ್ಕಿನ ಕಡ್ಡಿಯಂತೆ ಕಾಣುವ ಈ ಸರಳಿನಲ್ಲಿ ಮೂರು ಪದರಗಳಿವೆ. ನಟ್ಟನಡುವೆ ನೈಕ್ರೋಮ್ ತಂತಿಯ ಸುರುಳಿ ಇರುತ್ತದೆ. ಇದು ಸುಮಾರು 80 ಭಾಗ ನಿಕ್ಕಲ್ ಮತ್ತು 20 ಭಾಗ ಕ್ರೋಮಿಯಂ ಸೇರಿದ ಮಿಶ್ರಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬವರು 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕೆಂಪಗೆ ಕಾದರೂ ಬೇಗ ತುಕ್ಕು ಹಿಡಿದು ಸವೆಯದಿರುವುದು ಇದರ ಗುಣ. ಸುಮಾರು 1400 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಇದು ಕರಗುವುದಿಲ್ಲ.

ಸುರುಳಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಎಂಬ ಬಿಳಿಯ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಇದು ಶಾಖವನ್ನು ಹೊರಕ್ಕೆ ಬಿಡುತ್ತದೆ, ಆದರೆ ವಿದ್ಯುತ್ತನ್ನು ಬಿಡುವುದಿಲ್ಲ. ಇದರ ಹೊರಗೆ ಉಕ್ಕಿನ ಕೊಳವೆ. ಪುಡಿ ಒಣಗಿರುವವರೆಗೂ ಕೊಳವೆ ಸೀಳದಿರುವವರೆಗೂ ಸುರುಳಿಯ ವಿದ್ಯುತ್ತು ಓವನ್‌ನ ಮೈಗೆ ಬರಲಾರದು. ಈ ಪುಡಿಗೆ ತೇವವನ್ನು ಹೀರುವ ಸ್ವಭಾವವಿದೆ ಎಂಬುದನ್ನು ಮರೆಯಬಾರದು. ಕೆಲವು ಓವನ್‌ಗಳಲ್ಲಿ ಉಕ್ಕಿನ ಬದಲು ಕ್ವಾರ್ಟ್ಸ್ ಗಾಜಿನ ಕೊಳವೆಗಳಿದ್ದು, ಒಳಗಿನ ಸುರುಳಿ ಹೊಳೆಯುವುದು ಕಣ್ಣಿಗೆ ಕಾಣುತ್ತದೆ.

ಸರಳು ಕೆಡಲು ಕಾರಣಗಳು

1. ಬೆಲ್ಲದ ಪಾಕ, ತುಪ್ಪ, ಹಿಟ್ಟಿನ ತುಣುಕುಗಳು ಕೆಳಗಿನ ಸರಳಿನ ಮೇಲೆ ಬಿದ್ದು ಕರಕಲಾಗುವುದು. ಆ ಜಾಗದಲ್ಲಿ ಶಾಖ ಸಮನಾಗಿ ಹೊರಹೋಗದೆ ಕೊಳವೆ ಸವೆಯುತ್ತದೆ.

2. ಚೊಕ್ಕಟವಾಗಿರಲೆಂದು ತಳದಲ್ಲಿ ಅಲ್ಯೂಮಿನಿಯಂ ಹಾಳೆ ಹಾಸುವುದು. ಹಾಳೆಯು ಶಾಖವನ್ನು ಸರಳಿಗೇ ಹಿಂದಿರುಗಿಸುತ್ತದೆ.

3. ಬಿಸಿ ಸರಳಿನ ಮೇಲೆ ನೀರು ಚಿಮುಕಿಸುವುದು ಅಥವಾ ಒದ್ದೆ ಬಟ್ಟೆಯಿಂದ ಒರೆಸುವುದು.

4. ತಂತಿ ಸೇರುವ ತುದಿಯ ತಿರುಪು ಸಡಿಲವಾಗುವುದು. 8 ಆಂಪಿಯರ್ ವಿದ್ಯುತ್ತು ಹರಿಯುವಾಗ ಸಡಿಲ ಜೋಡಣೆಯಲ್ಲಿ ಅರ್ಧ ಓಮ್ ತಡೆ ಇದ್ದರೂ ಆ ಒಂದೇ ಬಿಂದುವಿನಲ್ಲಿ 32 ವ್ಯಾಟಿನ ಶಾಖ ಹುಟ್ಟುತ್ತದೆ. ತಿರುಪು ಕಪ್ಪಾಗಿ, ತಂತಿಯ ಹೊದಿಕೆ ಸುಡಲು ಇಷ್ಟು ಸಾಕು.

5. ವೋಲ್ಟೇಜು ಹೆಚ್ಚಾಗುವುದು. 230 ವೋಲ್ಟಿನ ಜಾಗದಲ್ಲಿ 260 ವೋಲ್ಟ್ ಬಂದರೆ ಸರಳಿನ ಶಾಖ ಶೇಕಡ 28ರಷ್ಟು ಏರುತ್ತದೆ.

6. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದೆ ಇಟ್ಟಾಗ ಸರಳಿನ ತುದಿಯಿಂದ ತೇವ ಒಳಸೇರುವುದು.

ತಪ್ಪು ನಿಜವಾಗಿಯೂ ಸರಳಿನದೇ?

ಓವನ್ ಬಿಚ್ಚುವ ಮೊದಲು ಈ ಕೆಳಗಿನವನ್ನು ಪರೀಕ್ಷಿಸಬೇಕು.

ಓವನ್ ಸ್ವಲ್ಪವೂ ಕಾಯದಿದ್ದರೆ: ಸಾಕೆಟ್ಟಿಗೆ ವಿದ್ಯುತ್ತು ಬರುತ್ತಿದೆಯೇ ಎಂದು ನೋಡಬೇಕು. ಬಹಳಷ್ಟು ಓವನ್‌ಗಳಲ್ಲಿ ಸಮಯದ ಗುಂಡಿಯನ್ನು ತಿರುಗಿಸದ ಹೊರತು ಉಳಿದ ಯಾವ ಭಾಗವೂ ನಡೆಯುವುದಿಲ್ಲ; ಇದನ್ನು ಮರೆತು ದುರಸ್ತಿಗೆ ಒಯ್ಯುವವರಿದ್ದಾರೆ. ಉಷ್ಣತೆಯ ಗುಂಡಿ ತಿರುಗಿಸಿದಾಗ ಟಿಕ್ ಎಂಬ ಶಬ್ದ ಕೇಳಬೇಕು. ಎಲ್ಲ ಸರಳುಗಳೂ ಒಂದೇ ದಿನ ಸುಡುವುದು ಅಪರೂಪ. ಆದುದರಿಂದ ಪೂರ್ತಿ ತಣ್ಣಗಿರುವ ಓವನ್‌ನಲ್ಲಿ ದೋಷ ಹೆಚ್ಚಾಗಿ ಪ್ಲಗ್, ತಂತಿ, ಸಮಯದ ಗುಂಡಿ, ಥರ್ಮೋಸ್ಟಾಟ್ ಅಥವಾ ಉಷ್ಣ ಫ್ಯೂಸಿನಲ್ಲಿರುತ್ತದೆ.

ಎಲ್ಲ ಕಡೆ ಕಡಿಮೆ ಕಾಯುತ್ತಿದ್ದರೆ: ವೋಲ್ಟೇಜು ನೋಡಬೇಕು. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 180 ವೋಲ್ಟ್ ಮಾತ್ರ ಬರುತ್ತಿದ್ದರೆ ಶಾಖ ಶೇಕಡ 61ಕ್ಕೆ ಇಳಿಯುತ್ತದೆ. ಸಂಜೆ ಬೇಯದ ಬಿಸ್ಕತ್ತು ಬೆಳಗಿನ ಹೊತ್ತು ಚೆನ್ನಾಗಿ ಬೇಯುತ್ತಿದ್ದರೆ ದೋಷ ಓವನ್ನಿನದಲ್ಲ.

ಒಂದೇ ಕಡೆ ಕಾಯದಿದ್ದರೆ: ಬಿಸ್ಕತ್ತಿನ ಮೇಲ್ಭಾಗ ಕರಕಾಗಿ ತಳ ಹಸಿಯಾಗಿ ಉಳಿದರೆ ಕೆಳಗಿನ ಸರಳನ್ನು, ಇದಕ್ಕೆ ವಿರುದ್ಧವಾದರೆ ಮೇಲಿನ ಸರಳನ್ನು ಶಂಕಿಸಬೇಕು. ಆಯ್ಕೆಯ ಗುಂಡಿಯನ್ನು ಮೊದಲು ಮೇಲಿನ ಸರಳಿಗೆ, ಅನಂತರ ಕೆಳಗಿನ ಸರಳಿಗೆ ಇಟ್ಟು ಮೂರು ಮೂರು ನಿಮಿಷ ಗಾಜಿನ ಮೂಲಕ ಗಮನಿಸಿದರೆ ಯಾವುದು ಸತ್ತಿದೆ ಎಂದು ತಿಳಿಯುತ್ತದೆ. ಸರಳನ್ನು ಕೈಯಿಂದ ಮುಟ್ಟಿ ನೋಡಬಾರದು.

ಹಾಕಿದೊಡನೆ ಎಂ.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಬಿದ್ದರೆ, ಅಥವಾ ಮೈ ಮುಟ್ಟಿದಾಗ ಜುಂ ಎಂದರೆ: ತಕ್ಷಣ ಬಳಕೆ ನಿಲ್ಲಿಸಬೇಕು. ಸರಳಿನಿಂದ ಅಥವಾ ತಂತಿಯಿಂದ ವಿದ್ಯುತ್ತು ಓವನ್‌ನ ಮೈಗೆ ಸೋರುತ್ತಿದೆ ಎಂದು ಇದರ ಅರ್ಥ. ಬೀಳುವ ಸ್ವಿಚ್ಚನ್ನು ತಪ್ಪಿಸಿ ನೇರ ಸಂಪರ್ಕ ಕೊಡುವುದು, ಭೂಸಂಪರ್ಕದ ತಂತಿಯನ್ನು ಕಿತ್ತು ಓವನ್ ನಡೆಸುವುದು ಸಾವನ್ನು ಕರೆದಂತೆಯೇ.

ಭೂಸಂಪರ್ಕದ ಮಹತ್ವ

ಅಡಿಗೆಮನೆಯಲ್ಲಿ ಕೆಲಸ ಮಾಡುವವರ ಕೈ ಒದ್ದೆ, ಕಾಲು ಬರಿದು, ನೆಲ ತೇವ. ಸರಳಿನಿಂದ ಸೋರಿದ ವಿದ್ಯುತ್ತಿಗೆ ನೆಲ ಸೇರಲು ಸುಲಭವಾದ ತಂತಿ ಇಲ್ಲದಿದ್ದರೆ ಅದು ಮನುಷ್ಯನ ಮೈಯ ಮೂಲಕವೇ ಇಳಿಯುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಎಲ್ಲಕ್ಕಿಂತ ಉದ್ದ ಮತ್ತು ದಪ್ಪವಾದ ಪಿನ್ನು ಭೂಸಂಪರ್ಕದ್ದು. ಹಸಿರು ಅಥವಾ ಹಸಿರು-ಹಳದಿ ಬಣ್ಣದ ತಂತಿ ಅದಕ್ಕೆ ಸೇರುತ್ತದೆ.

ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತುಗಳಿದ್ದ ಮಾತ್ರಕ್ಕೆ ಭೂಸಂಪರ್ಕ ಇದೆ ಎಂದು ತಿಳಿಯಬಾರದು. ಹಳೆಯ ಮನೆಗಳಲ್ಲಿ ಆ ತೂತಿನ ಹಿಂದೆ ತಂತಿಯೇ ಇಲ್ಲದಿರಬಹುದು, ಇದ್ದರೂ ನೆಲದಲ್ಲಿ ಹೂತ ಕೊಳವೆ ತುಕ್ಕು ಹಿಡಿದು ಕಡಿದಿರಬಹುದು. ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದ ಇದನ್ನು ಪರೀಕ್ಷೆ ಮಾಡಿಸಬೇಕು. ಅದೇ ಸಮಯದಲ್ಲಿ ಮನೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಯನ್ನೂ ಹಾಕಿಸುವುದು ಉತ್ತಮ. ಎಂ.ಸಿ.ಬಿ.ಯು ತಂತಿಯನ್ನು ಸುಡದಂತೆ ಕಾಯುತ್ತದೆ; ಮನುಷ್ಯನಿಗೆ ತಗಲುವ ಸಣ್ಣ ಪ್ರಮಾಣದ ವಿದ್ಯುತ್ತನ್ನು ಗುರುತಿಸಿ ಕಡಿಯುವುದು ಆರ್.ಸಿ.ಸಿ.ಬಿ. ಮಾತ್ರ.

2000 ವ್ಯಾಟಿನ ಓವನ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಇದನ್ನು ದೀಪದ 6 ಆಂಪಿಯರ್ ಸಾಕೆಟ್ಟಿಗಾಗಲಿ, ತೆಳು ತಂತಿಯ ವಿಸ್ತರಣಾ ಪೆಟ್ಟಿಗೆಗಾಗಲಿ ಸಿಕ್ಕಿಸದೆ, 16 ಆಂಪಿಯರಿನ ಸಾಕೆಟ್ಟಿನಲ್ಲಿ ಮಾತ್ರ ಉಪಯೋಗಿಸಬೇಕು.

ಬೇಕಾಗುವ ಸಾಮಗ್ರಿಗಳು

ತಿರುಪುಳಿ, ಇಕ್ಕುಳ, ಮಲ್ಟಿಮೀಟರ್, ನಯವಾದ ಮರಳು ಕಾಗದ, ಸಣ್ಣ ಬ್ರಷ್ಷು, ಒಣಗಿದ ಗೋಣಿಚೀಲ, ತಿರುಪುಗಳನ್ನು ಇಡಲು ಒಂದು ಬಟ್ಟಲು, ಕಾಗದ ಮತ್ತು ಪೆನ್ಸಿಲ್. ಮಲ್ಟಿಮೀಟರನ್ನು ಸಂಘದ ವತಿಯಿಂದ ಒಂದು ಕೊಂಡಿಟ್ಟರೆ ಪಂಪ್‌ಸೆಟ್ಟಿನ ತಂತಿ, ಫ್ಯೂಸುಗಳ ಪರೀಕ್ಷೆಗೂ ಉಪಯೋಗಕ್ಕೆ ಬರುತ್ತದೆ. ಹೋಲ್ಡರಿಗೆ ಎರಡು ತಂತಿ ಕಟ್ಟಿದ ಬಲ್ಬಿನಿಂದ ಪರೀಕ್ಷಿಸುವ ರೂಢಿಯಲ್ಲಿ ವಿದ್ಯುತ್ತು ಇರುವಾಗಲೇ ಕೈ ಹಾಕಬೇಕಾಗುವುದರಿಂದ ಅದನ್ನು ಬಿಡಬೇಕು.

ಕಳಚುವ ಮತ್ತು ಅಳೆಯುವ ಕ್ರಮ

1. ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಮುಂದಿಟ್ಟುಕೊಳ್ಳಬೇಕು. ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಹಾಕಿರುವುದರಿಂದ ಆರಿಸಿದ ಮೇಲೂ ಓವನ್‌ನೊಳಗೆ ವಿದ್ಯುತ್ತು ಇರುತ್ತದೆ.

2. ಓವನ್ ಪೂರ್ತಿ ತಣಿಯಲು ಕನಿಷ್ಠ ಒಂದು ಗಂಟೆ ಬಿಡಬೇಕು. ತಟ್ಟೆ, ಜಾಲರಿಗಳನ್ನು ಹೊರತೆಗೆದು ಓವನ್ನನ್ನು ಗೋಣಿಚೀಲದ ಮೇಲೆ ಇಡಬೇಕು.

3. ಸರಳಿನ ತುದಿಗಳು ಸಾಮಾನ್ಯವಾಗಿ ಎಡ ಮತ್ತು ಬಲ ಪಕ್ಕದ ತಗಡುಗಳ ಹಿಂದೆ ಇರುತ್ತವೆ. ತಿರುಪುಗಳನ್ನು ಬಿಚ್ಚಿ ತಗಡನ್ನು ಮೆಲ್ಲಗೆ ಸರಿಸಬೇಕು. ತಗಡಿನ ಅಂಚು ಹರಿತವಾಗಿರುತ್ತದೆ. ಒಳಗೆ ಜಿರಲೆ, ಇರುವೆಗಳ ಗೂಡು ಇದ್ದರೆ ಬ್ರಷ್ಷಿನಿಂದ ಗುಡಿಸಬೇಕು.

4. ಯಾವ ಬಣ್ಣದ ತಂತಿ ಯಾವ ತುದಿಗೆ ಸೇರಿದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

5. ಶಂಕೆಯಿರುವ ಸರಳಿನ ತಂತಿಗಳನ್ನು ಬಿಡಿಸಿ, ಮೀಟರನ್ನು ಓಮ್ ಅಳತೆಗೆ ಇಟ್ಟು, ಎರಡು ಕಡ್ಡಿಗಳನ್ನು ಸರಳಿನ ಎರಡು ತುದಿಗಳಿಗೆ ಮುಟ್ಟಿಸಬೇಕು. ಯಾವ ಅಳತೆಯೂ ಬಾರದಿದ್ದರೆ ಒಳಗಿನ ಸುರುಳಿ ಕಡಿದಿದೆ.

6. ಅನಂತರ ಒಂದು ಕಡ್ಡಿಯನ್ನು ಸರಳಿನ ತುದಿಗೂ ಇನ್ನೊಂದನ್ನು ಅದರ ಉಕ್ಕಿನ ಕೊಳವೆಗೂ ಮುಟ್ಟಿಸಬೇಕು. ಮೀಟರಿನ ಅತ್ಯಂತ ಮೇಲಿನ ಅಳತೆಯಲ್ಲಿಯೂ ಇಲ್ಲಿ ಏನೂ ಬರಬಾರದು. ಬಂದರೆ ವಿದ್ಯುತ್ತು ಮೈಗೆ ಸೋರುತ್ತದೆ. ಕಾಯುತ್ತಿದ್ದರೂ ಆ ಸರಳನ್ನು ಬಳಸಬಾರದು. ಸಣ್ಣ ಸೋರಿಕೆ ಮಲ್ಟಿಮೀಟರಿಗೆ ಸಿಗುವುದಿಲ್ಲ. ಆರ್.ಸಿ.ಸಿ.ಬಿ. ಬೀಳುತ್ತಿದ್ದು ಮೀಟರಿನಲ್ಲಿ ಏನೂ ಕಾಣದಿದ್ದರೆ, ವಿದ್ಯುತ್ ಕೆಲಸಗಾರರ ಬಳಿ ಇರುವ 500 ವೋಲ್ಟಿನ ಮೆಗ್ಗರಿನಿಂದ ನೋಡಿಸಬೇಕು. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಸರಳು ತೇವಗೊಂಡಿದೆ ಅಥವಾ ಕೆಟ್ಟಿದೆ.

ಸರಿಯಾದ ಸರಳು ಎಷ್ಟು ಓಮ್ ತೋರಿಸಬೇಕು ಎಂಬುದನ್ನು ಲೆಕ್ಕ ಹಾಕುವುದು ಸುಲಭ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಬಂದುದನ್ನು ವ್ಯಾಟಿನಿಂದ ಭಾಗಿಸಬೇಕು. 230 ವೋಲ್ಟಿಗೆ ಬರುವ ಅಂಕಿಗಳು ಹೀಗಿವೆ:

400 ವ್ಯಾಟ್ – 132 ಓಮ್ – 1.7 ಆಂಪಿಯರ್
600 ವ್ಯಾಟ್ – 88 ಓಮ್ – 2.6 ಆಂಪಿಯರ್
800 ವ್ಯಾಟ್ – 66 ಓಮ್ – 3.5 ಆಂಪಿಯರ್
1000 ವ್ಯಾಟ್ – 53 ಓಮ್ – 4.3 ಆಂಪಿಯರ್
1500 ವ್ಯಾಟ್ – 35 ಓಮ್ – 6.5 ಆಂಪಿಯರ್

ಸರಳು ತಣ್ಣಗಿರುವಾಗ ಓಮ್ ಅಳತೆ ಇದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಗಾಬರಿಯಾಗಬೇಕಿಲ್ಲ. ಜೋಡಿ ಸರಳುಗಳಿರುವ ಓವನ್‌ನಲ್ಲಿ ಸುಡದೆ ಉಳಿದ ಸರಳನ್ನೂ ಬಿಡಿಸಿ ಅಳೆದು ಬರೆದಿಟ್ಟುಕೊಳ್ಳಬೇಕು. ಹೊಸದನ್ನು ಕೊಳ್ಳುವಾಗ ಹೋಲಿಸಲು ಇದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಹೊಸ ಸರಳಿನ ಆಯ್ಕೆ

ಹಳೆಯ ಸರಳನ್ನೇ ಅಂಗಡಿಗೆ ಒಯ್ಯಬೇಕು. ಉದ್ದ, ದಪ್ಪ, ಬಾಗಿದ ರೀತಿ, ತುದಿಯ ಬಗೆ, ವೋಲ್ಟ್ ಮತ್ತು ವ್ಯಾಟ್ ಇವು ಆರೂ ಹೊಂದಬೇಕು. ಹೆಚ್ಚು ವ್ಯಾಟಿನದು ಹಾಕಿದರೆ ಬೇಗ ಬೇಯುತ್ತದೆ ಎಂಬ ಎಣಿಕೆ ತಪ್ಪು. ಓವನ್ನಿನ ಒಳತಂತಿ ಮತ್ತು ಗುಂಡಿಗಳು ಅಷ್ಟು ಹೊರೆಗೆ ತಯಾರಾದವುಗಳಲ್ಲ.

ವೋಲ್ಟನ್ನು ವಿಶೇಷವಾಗಿ ಗಮನಿಸಬೇಕು. ಕೆಲವು ಓವನ್‌ಗಳಲ್ಲಿ ಎರಡು ಸರಳುಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಜೋಡಿಸಿ, ಒಂದೊಂದಕ್ಕೆ 115 ವೋಲ್ಟ್ ಹಂಚಿಕೆಯಾಗುವಂತೆ ಮಾಡಿರುತ್ತಾರೆ. ಇವುಗಳಲ್ಲಿ ಒಂದು ಸುಟ್ಟರೆ ಎರಡೂ ಆರುತ್ತವೆ. ಅಲ್ಲಿಗೆ 230 ವೋಲ್ಟಿನ ಸರಳನ್ನು ಹಾಕಿದರೆ ಎರಡೂ ಕಡೆ ಶಾಖ ಇಳಿದು, ಬೇಯುವುದು ಏರುಪೇರಾಗುತ್ತದೆ.

ಬಕೆಟ್ಟಿನ ನೀರು ಕಾಯಿಸುವ ಕಾಯಿಲನ್ನು ಅಥವಾ ಗೀಸರಿನ ಸರಳನ್ನು ಓವನ್‌ಗೆ ಎಂದೂ ಹೊಂದಿಸಬಾರದು. ಅವು ನೀರಿನಲ್ಲಿ ಮುಳುಗಿ ಶಾಖ ಬಿಟ್ಟುಕೊಡಲೆಂದೇ ತಯಾರಾದವು. ಗಾಳಿಯಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಕೆಂಪಗೆ ಕಾದು ಸೀಳಿಹೋಗುತ್ತವೆ.

ಸುರುಳಿ ಒಲೆಯ ತಂತಿ ಕಡಿದಾಗ ತುದಿಗಳನ್ನು ಹೊಸೆದು ಮತ್ತೆ ಬಳಸುವ ಅಭ್ಯಾಸ ಹಳ್ಳಿಗಳಲ್ಲಿದೆ. ಸುರುಳಿಯ ಹತ್ತನೆಯ ಒಂದು ಭಾಗ ಮೊಟಕಾದರೂ ವಿದ್ಯುತ್ತು ಶೇಕಡ 11ರಷ್ಟು ಹೆಚ್ಚು ಹರಿಯುತ್ತದೆ. ಹೊಸೆದ ಗಂಟು ಉಳಿದ ಭಾಗಕ್ಕಿಂತ ಹೆಚ್ಚು ಕಾದು ಮತ್ತೆ ಅಲ್ಲಿಯೇ ಕಡಿಯುತ್ತದೆ. ಓವನ್‌ನಲ್ಲಿ ಈ ವಿಧಾನ ಸಲ್ಲದು.

ಜೋಡಿಸುವ ಕ್ರಮ

1. ಹಳೆಯ ಸರಳಿನ ಹಿಡಿಕೆಗಳನ್ನು ಬಿಚ್ಚಿ, ಅದು ಹೇಗೆ ಕುಳಿತಿತ್ತೋ ಅದೇ ರೀತಿ ಹೊಸದನ್ನು ಕೂರಿಸಬೇಕು. ಪಿಂಗಾಣಿ ಬಿಲ್ಲೆಗಳನ್ನು ಬಿಡಬಾರದು. ಒಡೆದಿದ್ದರೆ ಹೊಸದನ್ನು ಹಾಕಬೇಕು.

2. ಸರಳನ್ನು ಎರಡೂ ತುದಿಗಳಲ್ಲಿ ಅಲುಗದಂತೆ ಬಿಗಿಯಬಾರದು. 50 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಉಕ್ಕಿನ ಸರಳಿನ ಉಷ್ಣತೆ 500 ಡಿಗ್ರಿಯಷ್ಟು ಏರಿದಾಗ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಅದು ಡೊಂಕಾಗುತ್ತದೆ.

3. ಕ್ವಾರ್ಟ್ಸ್ ಗಾಜಿನ ಸರಳನ್ನು ಬರಿಗೈಯಲ್ಲಿ ಹಿಡಿಯದೆ ಶುಭ್ರವಾದ ಬಟ್ಟೆಯಿಂದ ಹಿಡಿಯಬೇಕು. ಬೆವರಿನ ಉಪ್ಪಿನಂಶ ತಗುಲಿದ ಕಡೆ ಗಾಜು ಕಾದಾಗ ಕೆಡುತ್ತದೆ.

4. ತಂತಿಯ ತುದಿ ಕಪ್ಪಾಗಿದ್ದರೆ ಆ ಭಾಗವನ್ನು ಕತ್ತರಿಸಿ, ಹೊಸ ಲೋಹದ ತುದಿಯನ್ನು ಇಕ್ಕುಳದಿಂದ ಒತ್ತಿ ಕೂರಿಸಬೇಕು. ಬೆಸುಗೆ ಹಾಕಬಾರದು, ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗತೊಡಗುತ್ತದೆ. ಅಂಟುಪಟ್ಟಿಯನ್ನೂ ಸುತ್ತಬಾರದು.

5. ತಂತಿಯನ್ನೇ ಬದಲಿಸಬೇಕಾದರೆ ಗಾಜಿನ ನೂಲಿನ ಅಥವಾ ಸಿಲಿಕೋನ್ ಹೊದಿಕೆಯ ತಂತಿಯನ್ನೇ ಹಾಕಬೇಕು. ಮನೆಯ ವೈರಿಂಗಿನ ಸಾಮಾನ್ಯ ಪಿ.ವಿ.ಸಿ. ತಂತಿ 70 ಡಿಗ್ರಿಯವರೆಗಿನ ಬಳಕೆಗೆ ಮಾತ್ರ ತಕ್ಕುದು.

6. ತಿರುಪುಗಳನ್ನು ಮರಳು ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಬೇಕು. ತಂತಿಗಳು ಬಿಸಿ ತಗಡಿಗೆ ತಾಗದಂತೆ ಮೊದಲಿದ್ದ ದಾರಿಯಲ್ಲಿಯೇ ಒಯ್ಯಬೇಕು. ಓವನ್‌ನ ಮೈಗೆ ಕಚ್ಚಿಸಿದ ಹಸಿರು ತಂತಿಯನ್ನು ಕೊನೆಯಲ್ಲಿ ಮತ್ತೊಮ್ಮೆ ನೋಡಬೇಕು.

ಬಳಸುವ ಮುನ್ನ ಪರೀಕ್ಷೆ

ಪಕ್ಕದ ತಗಡುಗಳನ್ನು ಮುಚ್ಚಿ, ಸಾಕೆಟ್ಟಿಗೆ ಸಿಕ್ಕಿಸುವ ಮೊದಲು ಪ್ಲಗ್ಗಿನ ಪಿನ್ನುಗಳಲ್ಲಿ ಮೂರು ಅಳತೆಗಳನ್ನು ತೆಗೆಯಬೇಕು. ಆಗ ಸಮಯ, ಉಷ್ಣತೆ ಮತ್ತು ಆಯ್ಕೆಯ ಗುಂಡಿಗಳು ತಿರುಗಿಸಿದ ಸ್ಥಿತಿಯಲ್ಲಿರಬೇಕು.

ಮೊದಲನೆಯದು, ಎರಡು ಸಣ್ಣ ಪಿನ್ನುಗಳ ನಡುವೆ. ಓವನ್‌ನ ಒಟ್ಟು ವ್ಯಾಟಿಗೆ ಸರಿಯಾದ ಓಮ್ ಬರಬೇಕು. ಎರಡನೆಯದು, ಸಣ್ಣ ಪಿನ್ನುಗಳಿಗೂ ಓವನ್‌ನ ಮೈಗೂ ನಡುವೆ. ಇಲ್ಲಿ ಏನೂ ಬರಬಾರದು. ಮೂರನೆಯದು, ಉದ್ದ ಪಿನ್ನಿಗೂ ಬಣ್ಣವಿಲ್ಲದ ಲೋಹದ ಮೈಗೂ ನಡುವೆ. ಸೊನ್ನೆಗೆ ಹತ್ತಿರವಾದ ಅಳತೆ ಬರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವಿದ್ಯುತ್ತು ಕೊಡಬಾರದು.

ಎಲ್ಲವೂ ಸರಿಯಿದ್ದರೆ ಕಿಟಕಿ ತೆರೆದು, ಓವನ್ನನ್ನು ಬರಿದಾಗಿಯೇ 15ರಿಂದ 20 ನಿಮಿಷ ಕಾಯಿಸಬೇಕು. ಹೊಸ ಸರಳಿಗೆ ಸವರಿದ ಎಣ್ಣೆಯಿಂದ ಸ್ವಲ್ಪ ಹೊಗೆ, ವಾಸನೆ ಬರುವುದು ಸಹಜ. ಹೊಗೆ ನಿಂತ ಮೇಲೆ ಒಂದು ತಟ್ಟೆ ರಾಗಿ ಬಿಸ್ಕತ್ತನ್ನು ಪರೀಕ್ಷೆಗಾಗಿ ಬೇಯಿಸಿ ಮೇಲೂ ಕೆಳಗೂ ಸಮನಾಗಿ ಬೆಂದಿದೆಯೇ ನೋಡಬೇಕು. ಹಳೆಯ ಸರಳು ದುರ್ಬಲವಾಗಿದ್ದ ಕಾಲದ ಬೇಯುವ ಸಮಯ ಈಗ ಹೆಚ್ಚಾಗಬಹುದು. ಹೊಸ ಸಮಯವನ್ನು ಗುರುತು ಹಾಕಿಕೊಳ್ಳಬೇಕು.

ವಿದ್ಯುತ್ ಆಘಾತವಾದರೆ

ಆಘಾತಕ್ಕೊಳಗಾದವರನ್ನು ಮುಟ್ಟಬಾರದು. ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ಅವರನ್ನು ಓವನ್‌ನಿಂದ ಬಿಡಿಸಬೇಕು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ಕೂಡಲೇ 108ಕ್ಕೆ ಕರೆ ಮಾಡಬೇಕು. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸುವುದು ಅವಶ್ಯ.

ನೆನಪಿನಲ್ಲಿಡಬೇಕಾದ ಅಂಶಗಳು

* ಪ್ಲಗ್ಗನ್ನು ಕಿತ್ತ ಮೇಲೆಯೇ ತಿರುಪುಳಿಯನ್ನು ಕೈಗೆತ್ತಿಕೊಳ್ಳಬೇಕು.
* ವೋಲ್ಟೇಜು, ಗುಂಡಿ, ತಂತಿಗಳನ್ನು ನೋಡಿದ ಮೇಲೆ ಸರಳನ್ನು ಶಂಕಿಸಬೇಕು.
* ಕಾಯುವ ಸರಳಾದರೂ ಮೈಗೆ ವಿದ್ಯುತ್ತು ಬಿಡುತ್ತಿದ್ದರೆ ಅದು ಕೆಟ್ಟ ಸರಳೇ.
* ವೋಲ್ಟ್, ವ್ಯಾಟ್, ಅಳತೆ ಮೂರೂ ಹೊಂದುವ ಸರಳನ್ನೇ ಕೊಳ್ಳಬೇಕು.
* ಭೂಸಂಪರ್ಕವಿಲ್ಲದ ಸಾಕೆಟ್ಟಿನಲ್ಲಿ ಓವನ್ ಬಳಸಬಾರದು.
* ಪ್ರತಿ ದಿನದ ಕೆಲಸ ಮುಗಿದು ಓವನ್ ತಣಿದ ಮೇಲೆ ಬಿದ್ದ ಪಾಕ, ಹಿಟ್ಟುಗಳನ್ನು ತೆಗೆಯಬೇಕು.
* ಮಳೆಗಾಲದಲ್ಲಿ ಬಳಕೆಯಿಲ್ಲದಿದ್ದರೂ ಆರ್.ಸಿ.ಸಿ.ಬಿ. ಇರುವ ಸಾಕೆಟ್ಟಿನಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಸರಳು ತೇವ ಹಿಡಿಯುವುದಿಲ್ಲ.

ಗೌರಿ ಹಬ್ಬದಿಂದ ದೀಪಾವಳಿಯವರೆಗೆ ತಿಂಡಿಗಳಿಗೆ ಬೇಡಿಕೆ ಹೆಚ್ಚಿರುವ ಕಾಲ. ಆಗ ಓವನ್ ನಿಂತರೆ ಒಪ್ಪಿಕೊಂಡ ಬೇಡಿಕೆಗಳು ಕೈತಪ್ಪುತ್ತವೆ. ಆದ್ದರಿಂದ ಶ್ರಾವಣ ಮಾಸದಲ್ಲಿಯೇ ಓವನ್‌ನ ಪಕ್ಕದ ತಗಡನ್ನು ತೆಗೆದು ತಿರುಪುಗಳನ್ನು ಬಿಗಿದು, ಸರಳುಗಳ ಓಮ್ ಅಳತೆಯನ್ನು ಸಂಘದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು, ಹೊಂದುವ ಒಂದೊಂದು ಸರಳನ್ನು ಮುಂಚಿತವಾಗಿ ತಂದಿಟ್ಟುಕೊಳ್ಳುವುದು ಜಾಣತನ. ವಿಸ್ತರಣಾ ಕಾರ್ಯಕರ್ತರು ಮೌಲ್ಯವರ್ಧನೆಯ ತರಬೇತಿಗಳಲ್ಲಿ ಹಿಟ್ಟಿನ ಹದವನ್ನು ಕಲಿಸುವುದರ ಜೊತೆಗೆ ಮಲ್ಟಿಮೀಟರಿನ ಬಳಕೆ ಮತ್ತು ಭೂಸಂಪರ್ಕದ ಪರೀಕ್ಷೆಗಳಿಗೂ ಅರ್ಧ ದಿನ ಮೀಸಲಿಡುವುದು ಸೂಕ್ತ.